ಗುರುತು ಹಿಡಿಯುವ ಕೆಲಸ

ನಮ್ಮಪ್ಪನಿಗೆ ಸಸ್ಯೋದ್ಯಾನದ ಕಚೇರಿಯಲ್ಲಿ ಗಿಡಗಳ ಗುರುತು ಹಿಡಿಯುವ ಕೆಲಸ. ಯಾರಾದರೂ ಒಂದು ಒಣಕಲು ರೆಂಬೆ ತಂದು ಮೇಜಿನ ಮೇಲಿಟ್ಟರೆ ಸಾಕು, ಅದನ್ನು ಹಿಂದೆ ಮುಂದೆ ತಿರುಗಿಸಿ, ಎಲೆಯ ಬೆನ್ನು ಸವರಿ, ಇದು ಇಂಥದ್ದು, ನೆರಳಲ್ಲಿ ಬೆಳೆದದ್ದು, ಕಿತ್ತು ವಾರವಾಗಿದೆ ಎಂದು ಹೇಳಿಬಿಡುತ್ತಿದ್ದ. ಅದೇ ಅಪ್ಪ ನನ್ನನ್ನು ಶಾಲೆಯಿಂದ ಕರೆದುಕೊಂಡು ಹೋಗಲು ಬಂದಾಗ ಗೇಟಿನ ಹೊರಗೆ ಬೆಪ್ಪನಂತೆ ನಿಂತಿರುತ್ತಿದ್ದ. ನಾನೇ ಹೋಗಿ ಕೈ ಹಿಡಿಯಬೇಕು. ಒಂದು ದಿನ ಯಾವುದೋ ಸಿಟ್ಟಿಗೆ ನಾನು ಹೋಗಲಿಲ್ಲ. ಎದುರಿಗೇ ನಿಂತು ದುರುಗುಟ್ಟಿಕೊಂಡು ನೋಡಿದೆ. ಅಪ್ಪ ಯಾರದೋ ಮಗುವನ್ನು ನೋಡಿ ನಗುವ ಹಾಗೆ ನನ್ನತ್ತ ನಕ್ಕು, ನನ್ನಂತೆಯೇ ಎರಡು ಜಡೆ ಹಾಕಿಕೊಂಡಿದ್ದ ಇನ್ನೊಬ್ಬಳ ಚೀಲಕ್ಕೆ ಕೈ ಹಾಕಿದ. ಆ ಹುಡುಗಿ ಕಿರುಚಿದಳು, ನಾನು ಅತ್ತೆ, ಅಪ್ಪ ಅಳುವುದೊಂದು ಬಾಕಿ.

ಅಪ್ಪನಿಗೆ ಮುಖ ಗುರುತು ಸಿಗುವುದಿಲ್ಲ. ಹುಟ್ಟಿದಾಗಿನಿಂದಲೂ ಹಾಗೇ. ಕಣ್ಣಿನಲ್ಲಿ ದೋಷವೇನಿಲ್ಲ, ತಲೆಯಂತೂ ನಮ್ಮೆಲ್ಲರಿಗಿಂತ ಚುರುಕು. ಜನರನ್ನು ಅವರ ನಡಿಗೆ, ಟೋಪಿ, ಕೆಮ್ಮು, ಕೂರುವ ಕುರ್ಚಿ ಇವುಗಳಿಂದ ಪತ್ತೆ ಮಾಡಿಕೊಂಡು ಹೇಗೋ ಕಾಲ ಹಾಕುತ್ತಿದ್ದ. ಒಮ್ಮೆ ಕಚೇರಿಯ ಸಾಹೇಬರು ಮೀಸೆ ಬೋಳಿಸಿಕೊಂಡು, ಹೊಸ ಕನ್ನಡಕ ಹಾಕಿಕೊಂಡು ಬಂದರು. ಅಪ್ಪ ಅವರನ್ನು ಬಲು ವಿನಯದಿಂದ ಟಿಕೆಟ್ ಕಿಟಕಿಯವರೆಗೆ ಕರೆದುಕೊಂಡು ಹೋಗಿ, ಮಕ್ಕಳಿದ್ದರೆ ಅರ್ಧ ಟಿಕೆಟ್ ಎಂದು ಹೇಳಿ ಬಂದನಂತೆ. ಇಷ್ಟಾದರೂ ತನ್ನ ಕಷ್ಟವನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಗುರುತು ಹಿಡಿಯುವುದೇ ಕೆಲಸವಾದವನಿಗೆ ಎದುರಿಗಿರುವ ಮನುಷ್ಯನೇ ಗುರುತು ಸಿಗುವುದಿಲ್ಲವೆಂದರೆ ಕೆಲಸ ಹೋದೀತೆಂಬ ಭಯ. ಜನ ಅವನನ್ನು ಗರ್ವಿಷ್ಠ ಎಂದುಕೊಂಡರು. ಅಪ್ಪ ಅದೇ ವಾಸಿ ಎಂದು ಸುಮ್ಮನಿದ್ದ.

ಇಂಥ ಮನುಷ್ಯ ಮನಸ್ಸು ಕೊಟ್ಟದ್ದು ಯಾರಿಗೆ? ಮೂವರಲ್ಲಿ ಯಾರು ಯಾರೆಂದು ನೆರೆಹೊರೆಯವರೂ ತಡಬಡಾಯಿಸುತ್ತಿದ್ದ ಅಕ್ಕತಂಗಿಯರಲ್ಲಿ ನಡುವಿನವಳಿಗೆ!

ಅವಳು ನಮ್ಮಮ್ಮ. ಅವಳ ಅಕ್ಕ, ಎಂದರೆ ನಮ್ಮ ದೊಡ್ಡಮ್ಮ, ಮತ್ತು ತಂಗಿ, ಎಂದರೆ ನಮ್ಮ ಚಿಕ್ಕಮ್ಮ. ಮೂವರೂ ಸೇರಿ ತಮ್ಮ ತಂದೆ ಬಿಟ್ಟುಹೋದ ಅಚ್ಚುಕೂಟವನ್ನು ನಡೆಸುತ್ತಿದ್ದರು. ಉದ್ದನೆಯ ಒಂದೇ ಕೋಣೆ. ಬಾಗಿಲ ಬಳಿಯ ಮೇಜಿನ ಮುಂದೆ ದೊಡ್ಡಮ್ಮ ಕೂತು ಗಿರಾಕಿಗಳನ್ನು ಸಂಭಾಳಿಸುತ್ತಿದ್ದಳು. ಕಿಟಕಿಯ ಬಳಿ ಅಮ್ಮ ನಿಂತು ಮನೆಮನೆಯಾಗಿ ಮಾಡಿದ ಮರದ ತಟ್ಟೆಯಿಂದ ಅಕ್ಷರಗಳ ಅಚ್ಚುಮೊಳೆಗಳನ್ನು ಆರಿಸಿ ಸಾಲು ಜೋಡಿಸುತ್ತಿದ್ದಳು. ಹಿಂದುಗಡೆ ಚಿಕ್ಕಮ್ಮ ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರದ ಮುಂದೆ. ಯಂತ್ರಕ್ಕೆ ಕೂದಲು ಸಿಕ್ಕೀತೆಂದು ಮೂವರೂ ತಲೆಗೆ ಬಟ್ಟೆ ಬಿಗಿದು, ಒಂದೇ ಥರದ ನೀಲಿ ಮೇಲಂಗಿ ತೊಡುತ್ತಿದ್ದರು. ದನಿಯೂ ಮೂವರದೂ ಒಂದೇ. ಹುಟ್ಟಿದಾಗಿನಿಂದ ಜನ ಅಮ್ಮನನ್ನು ಕರೆದದ್ದು ಅಕ್ಕನ ಹೆಸರಿನಿಂದ, ಇಲ್ಲವೇ ತಂಗಿಯ ಹೆಸರಿನಿಂದ. ದೊಡ್ಡಮ್ಮನಿಗೆ ಅದು ತಮಾಷೆ, ಚಿಕ್ಕಮ್ಮನಿಗೆ ಅನುಕೂಲ. ಅಮ್ಮನಿಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಉದ್ಯಾನದವರು ಗುಡ್ಡದ ಮೇಲಿನ ಹೂಪೊದೆಗಳ ಬಗ್ಗೆ ಒಂದು ಕೈಪಿಡಿ ಅಚ್ಚು ಹಾಕಿಸಲು ಕೊಟ್ಟಿದ್ದರು. ಅದರಲ್ಲಿ ಮೂರು ಜಾತಿಯ ಕಾಡುಮಲ್ಲಿಗೆಯ ಚಿತ್ರಗಳಿದ್ದವು. ಅಮ್ಮ ಎರಡು ಚಿತ್ರಗಳ ಬ್ಲಾಕುಗಳನ್ನು ಅದಲು ಬದಲು ಕೂರಿಸಿಬಿಟ್ಟಳು. ಪ್ರೂಫು ಕೈಗೆ ಬಂದದ್ದೇ ತಡ, ಅಪ್ಪ ಊಟವನ್ನೂ ಅರ್ಧಕ್ಕೆ ಬಿಟ್ಟು ಓಡಿಬಂದ.

"ಇದು ಅದಲ್ಲ! ಅದು ಇದಲ್ಲ!"

"ಎರಡೂ ಒಂದೇ ಥರ ಇವೆಯಲ್ರೀ," ಎಂದಳು ಅಮ್ಮ. "ಬಿಳಿ ಹೂವು, ಹಸಿರು ಎಲೆ. ಯಾವುದು ಎಲ್ಲಿದ್ರೆ ಯಾರಿಗೆ ಗೊತ್ತಾಗುತ್ತೆ?"

"ಗಿಡಕ್ಕೆ ಗೊತ್ತಾಗುತ್ತೆ," ಎಂದ ಅಪ್ಪ. ಈ ಮಾತನ್ನು ಆತ ತಮಾಷೆಗೆ ಹೇಳಿರಲಿಲ್ಲ.

ಮರುದಿನ ಮೂರು ಪೊದೆಗಳಿಂದಲೂ ರೆಂಬೆ ಮುರಿದುಕೊಂಡು ಬಂದು ಅಮ್ಮನ ಮುಂದೆ ಹರಡಿದ. ಜೇಬಿನಿಂದ ಭೂತಗನ್ನಡಿ ಹೊರಬಂತು.

"ಮೊದಲನೇದಾಗಿ, ಹೂವನ್ನ ನಂಬಬೇಡಿ. ಬಿಸಿಲಲ್ಲಿದ್ರೆ ಸಣ್ಣದು, ನೆರಳಲ್ಲಿದ್ರೆ ದೊಡ್ಡದು. ಒಂದು ಹೂವಲ್ಲಿ ಆರು ಎಸಳಿದ್ರೆ ಅದೇ ಗೊಂಚಲಿನ ಇನ್ನೊಂದರಲ್ಲಿ ಎಂಟು. ಎಲೆಯ ಬೆನ್ನು ನೋಡಿ. ಇದು ನುಣುಪು, ನರ ಕೂಡ ಹೊಳೆಯುತ್ತೆ. ಇದು ಮಖಮಲ್ಲು, ಬೆರಳಿಟ್ರೆ ಗೊತ್ತಾಗುತ್ತೆ."

"ಈ ಮೂರನೇದೂ ಮಖಮಲ್ಲೇ ಅಲ್ವಾ?"

"ಅಲ್ಲೇ ಎಲ್ರೂ ಎಡವೋದು!" ಎಂದು ಅಪ್ಪ ಖುಷಿಯಿಂದ ಮೇಜು ಕುಟ್ಟಿದ. ಒಂದು ಸಾಲು ಮೊಳೆ ಚೆಲ್ಲಾಪಿಲ್ಲಿಯಾಯಿತು. "ಈ ಎಲೆಯ ಬುಡದಲ್ಲಿ ಎರಡು ಪುಟಾಣಿ ಎಲೆ ಇವೆ ನೋಡಿ, ಕಿವಿ ಥರ. ಬೇಸಿಗೇಲಿ ಅವು ಉದುರಿ ಹೋಗ್ತವೆ. ಆಗ ಎಳೇ ಕಡ್ಡೀನ ಬೆರಳ ಮಧ್ಯೆ ಉರುಳಿಸಿ. ಇದಕ್ಕೆ ಮೂಲೆ ಇದೆ, ಅದು ದುಂಡಗಿದೆ. ಇನ್ನು ಹೂವಿನ ಬುಡದ ಹಸಿರು ಬಟ್ಟಲು. ಮೊದಲನೇದರಲ್ಲಿ ಅದರ ಹಲ್ಲು ದಾರದಷ್ಟು ಸಪೂರ, ಉದ್ದ. ಮಿಕ್ಕ ಎರಡರಲ್ಲಿ ಮೋಟು."

ಅಮ್ಮ ಚೆಲ್ಲಿದ ಮೊಳೆ ಆರಿಸುವುದನ್ನು ಬಿಟ್ಟು ಕಣ್ಣು ಮುಚ್ಚಿಕೊಂಡು ಮೂರು ಎಲೆಗಳನ್ನೂ ಸವರಿದಳು. ಕಡ್ಡಿಗಳನ್ನು ಉರುಳಿಸಿದಳು. ಮೊಳೆಯ ಮೈ ಮುಟ್ಟಿ ಅದು ತಲೆಕೆಳಗಾಗಿದೆಯೇ ಎಂದು ತಿಳಿಯುವ ಬೆರಳು ಅವಳದು. ಚಿಕ್ಕಮ್ಮ ಬೇಕೆಂದೇ ರೆಂಬೆಗಳನ್ನು ಕಲಸಿಟ್ಟರೂ ಒಂದೂ ತಪ್ಪಲಿಲ್ಲ. ಇಷ್ಟು ದಿನ ಒಂದೇ ಎಂದುಕೊಂಡದ್ದು ಕೈಯಡಿಯಲ್ಲಿ ಮೂರಾದದ್ದು ಅವಳಿಗೆ ಬಹಳ ಹಿಡಿಸಿತು.

ಆಮೇಲೆ ಭಾನುವಾರಗಳಂದು ಇಬ್ಬರೂ ಗುಡ್ಡಕ್ಕೆ ಹೋಗತೊಡಗಿದರು. ಹೋದದ್ದು ಚಿತ್ರಗಳನ್ನು ಸರಿನೋಡುವುದಕ್ಕೆ ಎಂದು ಅಮ್ಮ ಇವತ್ತಿಗೂ ಸಾಧಿಸುತ್ತಾಳೆ. ಕೈಪಿಡಿಯಲ್ಲಿದ್ದದ್ದು ಬೆರಳೆಣಿಕೆಯ ಚಿತ್ರಗಳು, ಇವರು ಹೋದದ್ದು ಒಂದು ಹೂಗಾಲ ಪೂರ್ತಿ. ಒಂದು ಸಲ ಅಮ್ಮನಿಗೆ ನುಣುಪು ಎಲೆಯ ಪೊದೆಯಲ್ಲಿ ನಸುಗೆಂಪು ಮೊಗ್ಗು ಕಂಡಿತು. ಮೊಗ್ಗಿಗೆ ಕೆಂಪಿರುವುದು ಎರಡನೆಯ ಜಾತಿಗೆ ಮಾತ್ರ ಎಂದು ಅಪ್ಪ ಹೇಳಿಕೊಟ್ಟಿದ್ದ. ಇಬ್ಬರೂ ಬಂಡೆಯ ಮೇಲೆ ಕೂತು ಬಿಸಿಲು ನೆತ್ತಿಗೇರುವವರೆಗೂ ಜಗಳವಾಡಿದರು. "ಬಟ್ಟಲಿನ ಹಲ್ಲು ಉದ್ದ ಇದೆ, ಎಲೆ ನುಣುಪಿದೆ. ಮೊಗ್ಗೊಂದು ಕೆಂಪಾದ ಮಾತ್ರಕ್ಕೆ ಜಾತಿ ಬದಲಾಗುತ್ತಾ?" ಎಂದು ಅಮ್ಮ ಪಟ್ಟು ಹಿಡಿದಳು. ಕೊನೆಗೆ ಅಪ್ಪ ಒಪ್ಪಿಕೊಂಡು, ಕೆಂಪು ಬಣ್ಣವನ್ನೂ ನಂಬಬಾರದ ಲಕ್ಷಣಗಳಿಗೆ ಸೇರಿಸಿದ. ಆ ಹೊತ್ತಿಗೆ ಇವಳನ್ನು ಬಿಟ್ಟು ತಾನಿರಲಾರೆ ಎಂದು ಅವನಿಗೆ ಗೊತ್ತಾಗಿತ್ತು.

ಗುಡ್ಡದ ಮೇಲೆ ಇದ್ದವಳು ಅವಳೊಬ್ಬಳೇ, ಹಾಗಾಗಿ ಅಲ್ಲಿ ತೊಂದರೆಯಿರಲಿಲ್ಲ. ಅಚ್ಚುಕೂಟದಲ್ಲಿ ಕಿಟಕಿಯ ಬಳಿ ನಿಂತವಳು ಅವಳು ಎಂಬುದು ಅಪ್ಪನ ಲೆಕ್ಕ. ಈ ಲೆಕ್ಕ ಒಂದು ಸೋಮವಾರ ಕೈಕೊಟ್ಟಿತು.

ಅಮ್ಮ ಕಾಗದ ಕೊಳ್ಳಲು ಪೇಟೆಗೆ ಹೋಗಿದ್ದಳು. ಅವಸರದ ಕೆಲಸವಿತ್ತೆಂದು ಚಿಕ್ಕಮ್ಮ ಕಿಟಕಿಯ ಬಳಿ ನಿಂತು ಮೊಳೆ ಜೋಡಿಸುತ್ತಿದ್ದಳು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಅವಳ ಪಕ್ಕ ನಿಂತು, ವಾರವಿಡೀ ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದ. ನಿಮ್ಮ ಜತೆ ಗುಡ್ಡ ಹತ್ತಿದ ಮೇಲೆ ಒಬ್ಬನೇ ಹತ್ತೋಕೆ ಮನಸ್ಸಿಲ್ಲ, ನಾವು ಮದುವೆ ಆಗೋಣವಾ ಎಂದ. ಚಿಕ್ಕಮ್ಮ ಗುಡ್ಡದ ಮುಖವನ್ನೇ ಕಂಡವಳಲ್ಲ. ಅವಳಲ್ಲಿ ಒಂದಿಷ್ಟು ಮನುಷ್ಯತ್ವ ಇದ್ದಿದ್ದರೆ ಅಲ್ಲೇ ತಡೆಯುತ್ತಿದ್ದಳು. ಆದರೆ ಅವಳು ಕಣ್ಣು ತಗ್ಗಿಸಿ, "ಯೋಚನೆ ಮಾಡಿ ನಾಳೆ ಹೇಳ್ತೀನಿ," ಎಂದುಬಿಟ್ಟಳು! ಅಪ್ಪ ಹೊರಗೆ ಹೋದ ಮೇಲೆ ನೆಲದ ಮೇಲೆ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕಳಂತೆ.

ಅಮ್ಮ ಬಂದಾಗ ಎಲ್ಲವನ್ನೂ ನಟಿಸಿ ತೋರಿಸಿದಳು. ದೊಡ್ಡಮ್ಮನೂ ನಕ್ಕಳು. ಅಮ್ಮ ಕಾಗದದ ಕಟ್ಟನ್ನು ಕೆಳಗಿಟ್ಟು ತನ್ನ ಜಾಗಕ್ಕೆ ಹೋಗಿ ನಿಂತಳು.

ಮರುದಿನ ಉತ್ತರ ಕೇಳಲು ಅಪ್ಪ ಬಂದ. "ನೀವು ನಿನ್ನೆ ಕೇಳಿದ್ದು ನನ್ನ ತಂಗೀನ," ಎಂದಳು ಅಮ್ಮ, ಮೊಳೆಯಿಂದ ಕಣ್ಣೆತ್ತದೆ.

"ಎಲೆ ಬೆನ್ನಿನ ಕೂದಲು ಕಾಣುತ್ತೆ ನಿಮಗೆ. ನನ್ನ ಮುಖ ಕಾಣಲ್ವಾ?"

ಅಪ್ಪ ಅದುವರೆಗೆ ಯಾರಿಗೂ ಹೇಳದ್ದನ್ನು ಹೇಳಿದ. "ಕಾಣುತ್ತೆ. ಕಣ್ಣು, ಮೂಗು, ಬಾಯಿ ಎಲ್ಲ ಕಾಣುತ್ತೆ. ಆ ಕಡೆ ತಿರುಗಿದ ಕೂಡ್ಲೇ ಎಲ್ಲಾ ಸೇರಿ ಒಂದು ಮುಖವಾಗಿ ಮನಸ್ಸಲ್ಲಿ ನಿಲ್ಲಲ್ಲ. ನಿಮ್ಮದು ಅಂತಲ್ಲ, ನಮ್ಮಮ್ಮನದೂ ನಿಲ್ಲಲ್ಲ. ಕನ್ನಡೀಲಿ ನನ್ನದೂ ಅಷ್ಟೇ."

"ಹಾಗಾದ್ರೆ ನಾವು ಮೂವರಲ್ಲಿ ಯಾರಾದ್ರೂ ಆಗ್ತಿತ್ತು ನಿಮಗೆ."

"ಖಂಡಿತ ಇಲ್ಲ."

"ಅದು ನನಗೆ ಹೇಗೆ ಗೊತ್ತಾಗ್ಬೇಕು?" ಎಂದಳು ಅಮ್ಮ. ಅವಳ ಪ್ರಶ್ನೆಯಲ್ಲಿ ತಪ್ಪೇನಿದೆ? ಜೀವಮಾನವಿಡೀ ಮೂವರಲ್ಲಿ ಒಬ್ಬಳಾಗಿ ಸಾಕಾಗಿದ್ದವಳು, ತನ್ನನ್ನೇ ಕಂಡು ಬಂದವನೊಬ್ಬ ಸಿಕ್ಕ ಎಂದುಕೊಂಡಿದ್ದಳು. ಆ ಸಂಕಟ ನನಗೆ ಅರ್ಥವಾಗುತ್ತದೆ.

ಬಾಗಿಲ ಬಳಿಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದ ದೊಡ್ಡಮ್ಮ ಎದ್ದು ಬಂದಳು. ಅವಳದು ಯಾವತ್ತೂ ಒಂದೇಟಿಗೆ ತೀರ್ಮಾನ. "ಸಾಕು ರಗಳೆ. ಶನಿವಾರ ಬನ್ನಿ. ಮೂವರೂ ಸಾಲಾಗಿ ನಿಂತಿರ್ತೀವಿ. ಅದರಲ್ಲಿ ಇವಳು ಯಾರು ಅಂತ ತೋರಿಸಿ ಹೇಳಿ. ಹೇಳಿದ್ರೆ ಮದುವೆ. ತಪ್ಪಿದ್ರೆ ಈ ಕಡೆ ತಲೆ ಹಾಕಬೇಡಿ."

ಅಮ್ಮ ಬೇಡವೆನ್ನಬಹುದಿತ್ತು. ಅನ್ನಲಿಲ್ಲ. ಅವನು ತಪ್ಪು ಹೇಳಿದರೆ ಇನ್ನೆಂದೂ ಅವನ ಮುಖ ನೋಡುವುದಿಲ್ಲವೆಂದು ಅವಳೂ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಳು.

ಶನಿವಾರ ಯಂತ್ರ ನಿಲ್ಲಿಸಿದರು. ತಯಾರಿಯೆಲ್ಲ ಚಿಕ್ಕಮ್ಮನದು. ಮೂವರಿಗೂ ನೀಲಿ ಮೇಲಂಗಿ, ಹಣೆಯವರೆಗೆ ಎಳೆದು ಕಟ್ಟಿದ ಬಟ್ಟೆ. ಅಮ್ಮನ ಬೆರಳಲ್ಲಿ ಮಾತ್ರ ಮಸಿಯಿದ್ದರೆ ಸುಳಿವಾದೀತೆಂದು ಆರು ಕೈಗಳಿಗೂ ಮಸಿ. ಅಮ್ಮ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಾಳೆಂದು ಮೂರು ಕಿವಿಗೂ ಒಂದೊಂದು ಪೆನ್ಸಿಲ್. ಯಾರೂ ಮಾತಾಡುವಂತಿಲ್ಲ, ಅಲುಗುವಂತಿಲ್ಲ. ಅಪ್ಪ ನಂಬಿಕೊಂಡಿದ್ದ ಲಕ್ಷಣಗಳೆಲ್ಲವನ್ನೂ ಆ ಪಾಪಿ ಒಂದೂ ಬಿಡದೆ ಅಳಿಸಿಹಾಕಿದ್ದಳು.

ಅಪ್ಪ ಒಳಗೆ ಬಂದ. ಸಾಲನ್ನು ನೋಡಿದ. ಅಭ್ಯಾಸಬಲದಿಂದ ಜೇಬಿನಿಂದ ಭೂತಗನ್ನಡಿ ತೆಗೆದ. ಸಾಲಿನಲ್ಲಿ ಯಾರದೋ ಮೂಗಿನಿಂದ ಸಣ್ಣ ಸದ್ದು ಹೊರಟಿತು. ಅಪ್ಪ ನಾಚಿಕೊಂಡು ಅದನ್ನು ಒಳಗಿಟ್ಟ. ಮೊದಲನೆಯವಳ ಎದುರು ನಿಂತ, ಎರಡನೆಯವಳ ಎದುರು ನಿಂತ, ಮೂರನೆಯವಳ ಎದುರು ನಿಂತ. ಮತ್ತೆ ಹಿಂದಕ್ಕೆ ಬಂದು ಮೊದಲಿನಿಂದ ಶುರು ಮಾಡಿದ. ಒಂದು ಪೊದೆಯ ಮುಂದೆ ಅವನು ಎಷ್ಟು ಹೊತ್ತು ನಿಲ್ಲಬಲ್ಲನೆಂದು ನನಗೆ ಗೊತ್ತು, ಆವತ್ತು ಅದಕ್ಕಿಂತ ಹೆಚ್ಚು ಹೊತ್ತು ನಿಂತನಂತೆ.

ಕೊನೆಗೆ ತುದಿಯಲ್ಲಿದ್ದವಳ ಎದುರು ಬಂದು, "ಇವರು," ಎಂದ.

ಅಮ್ಮನೇ ಅವಳು. ದೊಡ್ಡಮ್ಮ ಬಾಯಿ ತೆರೆದಳು. "ಹೇಗೆ ಗೊತ್ತಾಯ್ತು? ಸುಮ್ನೆ ಅಂದಾಜಿಗೆ ಹೇಳಿದ್ರಾ?"

"ಇಲ್ಲ. ಮುಖ ಈಗ್ಲೂ ಗೊತ್ತಾಗ್ತಿಲ್ಲ," ಎಂದ ಅಪ್ಪ. "ನೀವಿಬ್ಬರೂ ನಗು ತಡ್ಕೊಂಡು ನಿಂತಿದ್ದೀರಿ. ಇವರೊಬ್ಬರೇ ಹೆದರ್ಕೊಂಡಿದ್ದಾರೆ, ನಾನೆಲ್ಲಿ ತಪ್ಪು ಹೇಳ್ಬಿಡ್ತೀನೋ ಅಂತ."

ಚಿಕ್ಕಮ್ಮನ ನಗು ಅಲ್ಲಿಗೆ ನಿಂತಿತು. ಅಮ್ಮ ಮಸಿಗೈಯಿಂದ ಕಣ್ಣೊರೆಸಿಕೊಂಡಳು, ಮುಖವೆಲ್ಲ ಕಪ್ಪಾಯಿತು. "ನಾಳೆ ನಾನು ಹೆದರ್ಕೊಂಡಿಲ್ಲ ಅಂದ್ರೆ ಏನ್ಮಾಡ್ತೀರಿ?" ಎಂದು ಅಷ್ಟರಲ್ಲೂ ಜಗಳ ತೆಗೆದಳು.

"ನಿಂತಿರ್ತೀನಿ. ನೀವೇ ಬಂದು ಹೇಳ್ಬೇಕು."

ಅಮ್ಮ ಬಂದು ಹೇಳುತ್ತಲೇ ಇದ್ದಾಳೆ. ಬಸ್ಸಿನಿಂದ ಇಳಿದಾಗ, ಆಸ್ಪತ್ರೆಯ ಸಾಲಿನಲ್ಲಿ, ಹೊರಗಿನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅಪ್ಪನ ತೋಳು ಮುಟ್ಟಿ, "ನಾನು," ಅನ್ನುತ್ತಾಳೆ. ಈಗ ಇಬ್ಬರಿಗೂ ತಲೆ ನರೆತಿದೆ. ಇಷ್ಟು ವರ್ಷ ದಿನಾ ಹೇಳಿ ಹೇಳಿ ನಿನಗೆ ಬೇಜಾರಾಗಲಿಲ್ಲವೇ ಎಂದು ಮೊನ್ನೆ ಕೇಳಿದೆ.

"ಬೇಜಾರಾ? ನಾನು ಅಂದ ಕೂಡ್ಲೇ ನಿಮ್ಮಪ್ಪನ ಮುಖ ಹೇಗೆ ಅರಳುತ್ತೆ ಅಂತ ನೋಡಿದ್ದೀಯಾ?" ಎಂದಳು ಅಮ್ಮ. "ನಿನ್ನ ದೊಡ್ಡಮ್ಮ, ಚಿಕ್ಕಮ್ಮ ಎಷ್ಟು ಸಲ ತೋಳು ಮುಟ್ಟಿ ನಾನು ಅಂದು ನೋಡಿದ್ರೂ ಹಾಗೆ ಅರಳಲ್ಲ."