ದೀಪ ಹಚ್ಚಿದ ಮೇಲಿನ ಮೊಸರು

ಕೇಕು ಉಬ್ಬಿದ್ದನ್ನು ಕಂಡು ನಾನು ಅಡುಗೆಮನೆಯಲ್ಲಿ ಕುಣಿದದ್ದು ನಿಜ. ಹೆಂಡತಿ ಇಂದಿಗೂ ಬಂದವರಿಗೆಲ್ಲ ಅದನ್ನು ನಟಿಸಿ ತೋರಿಸುತ್ತಾಳೆ. ತೋರಿಸಲಿ. ಮೊಟ್ಟೆಯಿಲ್ಲದೆ ಕೇಕು ಉಬ್ಬಿಸಲು ವಾರಗಟ್ಟಲೆ ಒದ್ದಾಡಿದವನಿಗೆ ಮಾತ್ರ ಆ ಕುಣಿತದ ಸುಖ ಗೊತ್ತು.

ಒದ್ದಾಟಕ್ಕೆ ಕಾರಣ ನನ್ನ ಅವ್ವ. ಧಾರವಾಡದ ಕಡೆಯವಳು. ಮೊಟ್ಟೆ ತಿನ್ನುವುದಿರಲಿ, ಮೊಟ್ಟೆ ಒಡೆದ ಪಾತ್ರೆಯನ್ನೂ ಮುಟ್ಟುವವಳಲ್ಲ. ನಾವು ಲಾಸ್ ಏಂಜಲಿಸ್‌ನ ದಕ್ಷಿಣದ ಕಾರ್ಲ್ಸ್‌ಬಾಡಿನಲ್ಲಿ ಮನೆ ಮಾಡಿದ ಹೊಸದರಲ್ಲಿ ಆಕೆ ಮೊದಲ ಸಲ ಬಂದಾಗ ಮಗಳಿಗೆ ನಾಲ್ಕು ತುಂಬಿತು. ಅಂಗಡಿಯಿಂದ ತಂದ ಕೇಕು ಕತ್ತರಿಸಿ, ಮಗಳು ಮೊದಲ ತುಂಡನ್ನು ಅಜ್ಜಿಯ ಬಾಯಿಯ ಹತ್ತಿರ ಹಿಡಿದಳು.

“ಏನೇನ್ ಹಾಕ್ಯಾರಪಾ ಇದರಾಗ?” ಎಂದು ಅವ್ವ ನನ್ನನ್ನು ಕೇಳಿದಳು. ನಾನು ತಡವರಿಸಿದೆ. ಅವ್ವ ಮೊಮ್ಮಗಳ ಮಣಿಕಟ್ಟು ಹಿಡಿದು, ಆ ತುಂಡನ್ನು ಮೆಲ್ಲಗೆ ಮಗುವಿನ ಬಾಯಿಯತ್ತಲೇ ತಿರುಗಿಸಿದಳು. ಮಗಳು ತಿನ್ನಲಿಲ್ಲ, ಅಳಲೂ ಇಲ್ಲ. ತುಂಡನ್ನು ತಟ್ಟೆಯಲ್ಲಿಟ್ಟು ಒಳಗೆ ಹೋದಳು. ಮುಂದಿನ ಹುಟ್ಟುಹಬ್ಬಗಳಲ್ಲಿ ಕೇಕು ಕತ್ತರಿಸಿದಳು, ತಿಂದಳು, ಆದರೆ ಯಾರ ಬಾಯಿಗೂ ಹಿಡಿಯಲಿಲ್ಲ.

ಎಂಟನೆಯ ಹುಟ್ಟುಹಬ್ಬಕ್ಕೆ ಅಜ್ಜಿ ಮತ್ತೆ ಬರುತ್ತಾಳೆಂದು ತಿಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಅಪ್ಪಾ, ವಿಲ್ ಅಜ್ಜಿ ಈಟ್ ಇಟ್ ದಿಸ್ ಟೈಮ್?”

ತಿಂತಾಳೆ ಎಂದುಬಿಟ್ಟೆ. ಅಲ್ಲಿಯವರೆಗೆ ನಾನು ಓವನ್ನಿನಲ್ಲಿ ಹಪ್ಪಳ ಬಿಟ್ಟು ಬೇರೇನೂ ಸುಟ್ಟವನಲ್ಲ.

ಆದರೆ ಒಂದು ಹಿಡಿದರೆ ಬಿಡದ ಸ್ವಭಾವ ನನ್ನದು. ಮೊಟ್ಟೆ ಮಾಡುವ ಕೆಲಸವನ್ನು ಹಾಲಿನ ಮನೆತನದಲ್ಲಿ ಯಾರಾದರೂ ಮಾಡಲೇಬೇಕು ಎಂದು ಹಟ ಹಿಡಿದೆ. ಕಂಡೆನ್ಸ್ಡ್ ಮಿಲ್ಕ್ ಹಾಕಿದೆ. ಕೇಕಲ್ಲ, ಸಿಹಿ ಇಟ್ಟಿಗೆಯಾಯಿತು. ಗ್ರೀಕ್ ಯೋಗರ್ಟ್ ಹಾಕಿದೆ. ಹಿಟ್ಟು ಎಷ್ಟು ಬಿಗಿಯಾಯಿತೆಂದರೆ ಚಮಚ ನೆಟ್ಟಗೆ ನಿಂತಿತು. ಸವರ್ ಕ್ರೀಮ್ ಎಂಬ ಹುಳಿ ಕೆನೆಯದು ಮೆತ್ತಗೆ ಬಂತು, ರುಚಿಯೂ ಇತ್ತು. ಆ ಹೊತ್ತಿಗೆ ಅವ್ವ ಬಂದಿದ್ದಳು. “ಡಬ್ಬಿ ಮ್ಯಾಲೆ ಏನ್ ಬರದಾರ, ಓದು” ಎಂದಳು. ಓದಿದೆ. ಕೊನೆಯಲ್ಲಿ ಜೆಲಾಟಿನ್ ಇತ್ತು. ಅದು ದನದ ಎಲುಬು, ಚರ್ಮದಿಂದ ತೆಗೆಯುವಂಥದ್ದು ಎಂದು ಹೇಳುವ ಧೈರ್ಯವಾಗದೆ ಇಡೀ ಕೇಕನ್ನು ಆಫೀಸಿಗೆ ಒಯ್ದೆ. ಅಲ್ಲಿ ಅದು ಕಾಫಿ ಮುಗಿಯುವುದರೊಳಗೆ ಖಾಲಿಯಾಯಿತು, ಅದು ಬೇರೆ ಮಾತು.

ಬೆಣ್ಣೆಯ ಬದಲು ತುಪ್ಪ ಸುರಿದಾಗ ಕೇಕು ರವೆ ಉಂಡೆಯ ಹಾಗೆ ಉದುರಿತು. ಯಾಕೆಂದು ಕೆದಕಿದೆ. ಬೆಣ್ಣೆಯಲ್ಲಿ ನೀರಿನಂಶ ಇರುತ್ತದೆ, ತುಪ್ಪದಲ್ಲಿ ಇರುವುದಿಲ್ಲ. ತುಪ್ಪ ಕಡಿಮೆ ಮಾಡಿ ಆ ನೀರಿನ ಪಾಲಿಗೆ ಹಾಲು ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಬೆಣ್ಣೆ ಕಾಯಿಸುವಾಗ ಚಟಪಟ ಎನ್ನುವುದನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಅದು ನೀರು ಹೋಗುವ ಸದ್ದು ಎಂದು ಹೊಳೆದದ್ದು ಆವತ್ತೇ. ಎಷ್ಟು ಖುಷಿಯಾಯಿತೆಂದರೆ ಹೆಂಡತಿಗೆ ಫೋನ್ ಮಾಡಿ ಹೇಳಿದೆ. “ಮೀಟಿಂಗಲ್ಲಿದೀನಿ ಕಣ್ರೀ” ಎಂದು ಇಟ್ಟುಬಿಟ್ಟಳು.

ಕೊನೆಗೆ ಗೆದ್ದದ್ದು ನಮ್ಮ ಮನೆಯ ಮೊಸರು. ಫ್ರಿಜ್ಜಿನ ಮೂಲೆಯಲ್ಲಿ ಹುಳಿಬಂದು ಕೂತಿದ್ದ ಮೊಸರಿಗೆ ಅಡುಗೆ ಸೋಡಾ ಹಾಕಿದೆ; ಬುರಬುರನೆ ಉಕ್ಕಿ ಬಟ್ಟಲ ಅಂಚಿಗೆ ಬಂತು. ಕೇಕು ಉಬ್ಬಿತು. ನಾನು ಕುಣಿದೆ. ಕುಣಿದ ಭರದಲ್ಲಿ ಇನ್ನೊಂದು, ಮತ್ತೊಂದು ಎಂದು ಮಾಡುತ್ತ ಹೋದೆ. ಹುಟ್ಟುಹಬ್ಬದ ಹಿಂದಿನ ದಿನ ಬೆಳಗ್ಗೆ ಪಾತ್ರೆ ತೆಗೆದರೆ ಒಳಗೆ ಏನೂ ಇರಲಿಲ್ಲ. ಹೆಪ್ಪಿಗೆಂದು ಒಂದು ಚಮಚವನ್ನೂ ಬಿಡದೆ ಕೇಕಿಗೆ ಬಳಿದಿದ್ದೆ.

“ಹೆಪ್ಪಿಗೂ ಇಡಲಿಲ್ಲೇನೋ? ಆತುರಗಾರನಿಗೆ ಬುದ್ಧಿ ಮಟ್ಟ” ಎಂದು ಅವ್ವ ಹಣೆ ಚಚ್ಚಿಕೊಂಡಳು.

ಆ ಹೆಪ್ಪು ಬಂದದ್ದು ಡೈಮಂಡ್ ಬಾರ್ ಎಂಬ ಊರಿನಿಂದ. ನಾನು ಲಾಸ್ ಏಂಜಲಿಸ್‌ನಲ್ಲಿ ಓದುತ್ತಿದ್ದಾಗ, ಆ ಊರಿನಲ್ಲಿದ್ದ ನಮ್ಮ ಕಡೆಯ ಆಂಟಿಯೊಬ್ಬರು ಭಾನುವಾರ ರೊಟ್ಟಿ ಊಟಕ್ಕೆ ಕರೆದು, ಹೊರಡುವಾಗ ಕೈಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟಿದ್ದರು. ಅದರ ಸಂತತಿಯನ್ನೇ ಮನೆಯಿಂದ ಮನೆಗೆ ಕಟ್ಟಿಕೊಂಡು ಬಂದಿದ್ದೆ. ಅಂಗಡಿಯ ಮೊಸರು ಒಂದು ದಿನದಲ್ಲಿ ಅಷ್ಟು ಹುಳಿಯಾಗುವಂಥದ್ದಲ್ಲ, ಆಂಟಿಗೇ ಫೋನ್ ಮಾಡಿದೆ. “ಹುಳಿ ಮೊಸರು ಗಡಿಗಿ ತುಂಬ ಐತಿ, ಬಾ ತಮ್ಮಾ” ಎಂದರು.

ಮಧ್ಯಾಹ್ನ ಮಗಳನ್ನೂ ಅವ್ವನನ್ನೂ ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ಕೋಕೋ, ಹಿಟ್ಟು, ಮೇಲೆ ಉದುರಿಸುವ ಬಣ್ಣದ ಸಕ್ಕರೆ ಎಂದು ಎರಡು ಅಂಗಡಿ ಹೊಕ್ಕೆ. ಆಮೇಲೆ ಫ್ರೀವೇಯ ವಾಹನಗಳ ಸಾಲು ನಮ್ಮನ್ನು ಹಿಡಿದು ನಿಲ್ಲಿಸಿತು. ಆಂಟಿಯ ಮನೆ ಮುಟ್ಟಿದಾಗ ಗುಡ್ಡದ ಮೇಲೆಲ್ಲ ಲೈಟು ಹತ್ತಿದ್ದವು. ಅವರ ದೇವರ ಮುಂದೆ ದೀಪವೂ ಉರಿಯುತ್ತಿತ್ತು.

ಆಂಟಿ ಮೊಸರಿನ ಡಬ್ಬಿ ಹಿಡಿದು ಬಂದರು, ದೀಪದ ಕಡೆ ನೋಡಿ ಒಂದು ಕ್ಷಣ ಹಿಂಜರಿದರು. “ಇರ್ಲಿ, ಕೂಸಿನ ಹಬ್ಬ. ತಗೊಂಡು ಹೋಗ್ರಿ” ಎಂದರು. ಸಂಜೆ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಮನೆಯಿಂದ ಹೊರಗೆ ಕೊಡಬಾರದು, ಲಕ್ಷ್ಮಿ ಹೋಗುತ್ತಾಳೆ ಎಂಬುದು ನಮ್ಮ ಕಡೆಯ ನಂಬಿಕೆ. ಅವರು ಅದನ್ನು ಬಿಡಲು ಸಿದ್ಧರಿದ್ದರು. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಅಡ್ಡ ಬಂದವಳು ನನ್ನ ಅವ್ವ.

“ಬ್ಯಾಡ್ರಿ. ದೀಪದ ಹೊತ್ತಿಗೆ ನಿಮ್ಮ ಮನಿ ಮೊಸರು ಒಯ್ದು ನನ್ನ ಮೊಮ್ಮಗಳ ಹಬ್ಬ ಮಾಡೂದು ನನಗ ಸೇರೂದಿಲ್ಲ.”

“ಅವ್ವಾ, ನಿನ್ನ ಸಲುವಾಗೇ ಇಷ್ಟು ದೂರ ಬಂದೇನಿ” ಎಂದೆ. ಸಿಟ್ಟು ಬಂದಿತ್ತು, ದನಿ ಏರಿತ್ತು. ಇಷ್ಟೆಲ್ಲ ಮಾಡಿ ನಾಳೆ ಮತ್ತೆ ಅಂಗಡಿಯ ಕೇಕು, ಮತ್ತೆ ಮಗಳ ಅದೇ ಮುಖ.

“ಬಂದಿದ್ದು ಖರೇ. ಹಂಗಂತ ಒಯ್ಯಾಕ ಬರತೈತೇನು?”

ಮಗಳು ನಮ್ಮ ಮೂವರ ಮುಖವನ್ನೂ ನೋಡಿದಳು. ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷು. “ಆಂಟಿ, ಕ್ಯಾನ್ ವಿ ಈಟ್ ಇಟ್ ಹಿಯರ್?”

“ಉಣ್ಣಾಕೇನವ್ವಾ, ಎಷ್ಟ್ ಬೇಕಾದ್ರೂ ಉಣ್ಣು” ಎಂದರು ಆಂಟಿ.

“ದೆನ್ ಕ್ಯಾನ್ ವಿ ಬೇಕ್ ಇಟ್ ಹಿಯರ್?”

ಎಲ್ಲರೂ ಅವ್ವನ ಕಡೆ ತಿರುಗಿದೆವು. ಅವ್ವ ಸೆರಗು ಸರಿಮಾಡಿಕೊಂಡು ಯೋಚಿಸಿದಳು.

“ಬೆಂದ ಮ್ಯಾಲ ಅದು ಮೊಸರಲ್ಲ” ಎಂದು ತೀರ್ಪು ಕೊಟ್ಟಳು.

ಆಮೇಲೆ ನಡೆದ ಗದ್ದಲವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆಂಟಿ ತಮ್ಮ ಓವನ್ನನ್ನು ಎಂದೂ ಹಚ್ಚಿದವರಲ್ಲ. ಬಾಗಿಲು ತೆಗೆದರೆ ಒಳಗೆ ಬಾಣಲೆ, ತವೆ, ಹೋಳಿಗೆ ಹಂಚು. ಎಲ್ಲವನ್ನೂ ಹೊರಗೆ ಪೇರಿಸಿದೆವು. ಕೇಕಿನ ಪಾತ್ರೆಯನ್ನು ನಾನು ಮನೆಯಲ್ಲೇ ಮರೆತಿದ್ದೆ, ಕುಕ್ಕರಿನ ಡಬ್ಬಿಗೆ ತುಪ್ಪ ಸವರಿದೆವು. ಬೆಣ್ಣೆ ಇರಲಿಲ್ಲ, ತುಪ್ಪ ಇತ್ತು; ತುಪ್ಪ ಎಷ್ಟು, ಹಾಲು ಎಷ್ಟು ಎಂದು ನನಗೆ ಗೊತ್ತಿತ್ತಲ್ಲ! ವೆನಿಲಾ ಬದಲು ಆಂಟಿ ಯಾಲಕ್ಕಿ ಕುಟ್ಟಿದರು. ಮಗಳು ಮೊಸರಿಗೆ ಸೋಡಾ ಹಾಕಿ, ಅದು ಉಕ್ಕುವುದನ್ನು ಅಜ್ಜಿಗೆ ತೋರಿಸಿದಳು. ಅವ್ವ ಓವನ್ನಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಳು, ಕೇಕು ಹೊರಬರುವವರೆಗೆ ಏಳಲಿಲ್ಲ. “ಏಳಾಕತ್ತೈತಿ ನೋಡು, ಏಳಾಕತ್ತೈತಿ” ಎಂದು ಮೊಮ್ಮಗಳ ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು.

ಡಬ್ಬಿಯ ಸಮೇತ ಕೇಕನ್ನು ಮಗಳ ತೊಡೆಯ ಮೇಲಿಟ್ಟು ಕಾರ್ಲ್ಸ್‌ಬಾಡಿಗೆ ತಂದೆವು. ಹೆಪ್ಪು ಮಾತ್ರ ಬರಲಿಲ್ಲ. ಅದನ್ನು ಮರುದಿನ ಬೆಳಗಿನ ಬಿಸಿಲಲ್ಲಿ ಆಂಟಿಯೇ ಹಿಡಿದು ತಂದರು, ಹಬ್ಬಕ್ಕೂ ನಿಂತರು.

ಕೇಕು ಅಡ್ಡಡ್ಡ ಬಿರಿದಿತ್ತು, ಒಂದು ಮಗ್ಗುಲು ಎತ್ತರವಾಗಿತ್ತು. ಮಗಳು ಕತ್ತರಿಸಿದಳು. ತುಂಡು ಕೈಯಲ್ಲಿತ್ತು, ಆದರೆ ಅಜ್ಜಿಯ ಮುಂದೆ ಬಂದು ನಿಂತವಳು ಕೈ ಎತ್ತಲಿಲ್ಲ. ನಾಲ್ಕರ ವಯಸ್ಸಿನದು ಅವಳಿಗೆ ನೆನಪಿದೆ ಎಂದು ನನಗೆ ಆಗ ಖಾತ್ರಿಯಾಯಿತು.

ಅವ್ವ ಏನೇನು ಹಾಕ್ಯಾರ ಎಂದು ಕೇಳಲಿಲ್ಲ. ಮೊಮ್ಮಗಳ ಮಣಿಕಟ್ಟನ್ನು ಹಿಂದಿನಂತೆಯೇ ಹಿಡಿದಳು, ಈ ಸಲ ತನ್ನ ಬಾಯಿಗೆ ಎಳೆದುಕೊಂಡಳು. ಅಗಿದು ನುಂಗಿದ ಮೇಲೂ ಆ ಕೈ ಬಿಡಲಿಲ್ಲ.

“ಇನ್ನೊಂದು ತುಂಡು ತಾ” ಎಂದಳು.