ಆಸ್ಪತ್ರೆಯಲ್ಲಿ ಸಿಕ್ಕ ನಮ್ಮ ಓಣಿ

ಕುರುಗೋಡಿನ ನಮ್ಮ ಓಣಿಯಲ್ಲಿ ಬ್ಯಾನರ್ ಕಟ್ಟುವ ವಿಷಯಕ್ಕೆ ಹುಡುಗರ ಎರಡು ಗುಂಪುಗಳು ಹೊಡೆದಾಡಿಕೊಂಡವು. ಕಲ್ಲು ಬಿದ್ದವು, ಕಿಟಕಿಗಳು ಒಡೆದವು, ಪೊಲೀಸ್ ವ್ಯಾನು ಬಂದು ನಿಂತಿತು. ಕೆಲವು ದಿನಗಳಲ್ಲಿ ವ್ಯಾನು ಹೋಯಿತು, ಹೊಸ ಗಾಜೂ ಬಂತು. ಆದರೆ ಜನ ಒಬ್ಬರ ಮುಖ ಒಬ್ಬರು ನೋಡುವುದನ್ನೇ ಬಿಟ್ಟರು. ಎದುರು ಮನೆಯ ಅಕ್ಕನಿಗೂ ನನಗೂ ಬಹಳ ವರ್ಷಗಳ ಬಳಕೆ. ಹೆಪ್ಪಿಗೆ ಮಜ್ಜಿಗೆ ಬೇಕೆಂದರೆ ಸೀದಾ ಅವರ ಅಡುಗೆಮನೆಗೇ ಹೋಗುತ್ತಿದ್ದೆ. ಗಲಾಟೆಯಲ್ಲಿ ಅವರ ಮಗ ಒಂದು ಕಡೆ, ನನ್ನ ಮೈದುನ ಇನ್ನೊಂದು ಕಡೆ. ನಾವಿಬ್ಬರೂ ಬಾಗಿಲು ಹಾಕಿಕೊಂಡೆವು.

ಆಮೇಲೆ ನನಗೆ ಏನೋ ಆಗತೊಡಗಿತು. ನಾನು ಶಾಲೆಯಲ್ಲಿ ಟೀಚರು. ಮಕ್ಕಳು ಬೆಂಚು ಎಳೆದ ಸದ್ದಿಗೇ ಎದೆ ಡವಡವ ಎನ್ನುತ್ತಿತ್ತು. ನಿದ್ದೆಯಿಲ್ಲ, ಊಟ ಸೇರುತ್ತಿರಲಿಲ್ಲ. ಊರಿನ ಡಾಕ್ಟರು ಪರೀಕ್ಷಿಸಿ, “ಎದೆಗೇನೂ ಆಗಿಲ್ಲ, ಬಳ್ಳಾರಿಯಾಗ ಮನಸ್ಸಿನ ಡಾಕ್ಟರಿಗೆ ತೋರಿಸ್ರಿ” ಎಂದರು. ನಾಚಿಕೆಯಾಯಿತು. ಸಿರುಗುಪ್ಪದ ತಂಗಿಯ ಮನೆಗೆಂದು ಹೇಳಿ ಬಳ್ಳಾರಿ ಬಸ್ಸು ಹತ್ತಿದೆ.

ಸತ್ಯನಾರಾಯಣಪೇಟೆಯ ಕ್ಲಿನಿಕ್ಕಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದೆ. ಬಾಗಿಲು ತೆರೆದು ಬಂದವರು ಎದುರು ಮನೆಯ ಅಕ್ಕ! ನನ್ನನ್ನು ಕಂಡು ಅಲ್ಲೇ ನಿಂತರು. ತಿರುಗಿ ಹೋಗಿಬಿಡುತ್ತಾರೆ ಅಂದುಕೊಂಡೆ. ಬಂದು ಪಕ್ಕದಲ್ಲೇ ಕುಳಿತರು.

“ಯಾರಿಗೆ ತೋರ್ಸಾಕ ಬಂದೀಯವ್ವಾ?”

“ನನಗೇ ಅಕ್ಕಾ. ನೀವು?”

“ನಂದೂ ಅದೇ. ಕುಕ್ಕರ್ ಸೀಟಿ ಹೊಡದ್ರ ಬೆಚ್ಚಿ ಬೀಳ್ತೀನಿ. ಮಗ ಹೊರಗ ಹೋದ್ರ ಬರೋತನಕ ಬಾಗಿಲಾಗ ನಿಂತಿರ್ತೀನಿ. ಹುಚ್ಚಿ ಅಂತಾರ ಅಂತ ಯಾರ ಮುಂದೂ ಹೇಳಿಲ್ಲ.”

ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಡಾಕ್ಟರ ಕೋಣೆಯಿಂದ ಚೀಟಿ ಹಿಡಿದು ಹೊರಬಂದವರು ನಮ್ಮ ಓಣಿಯ ಟೈಲರಣ್ಣ. ಗಾಬರಿಯಾಗಿ ನಮ್ಮನ್ನೇ ನೋಡಿದರು, ಆಮೇಲೆ ನಕ್ಕುಬಿಟ್ಟರು.

“ಯಾರಿಗೂ ಗೊತ್ತಾಗಬಾರ್ದು ಅಂತ ಬಳ್ಳಾರಿಗೆ ಬಂದ್ರ, ಇಡೀ ಓಣಿನೇ ಇಲ್ಲಿ ಕುಂತೈತಲ್ರಿ!”

ಅಕ್ಕ ನಕ್ಕರು, ನಗುತ್ತಲೇ ಅತ್ತರು. ನಮಗಾಗಿ ಟೈಲರಣ್ಣ ಕಾದರು. ಮೂವರೂ ಒಂದೇ ಬಸ್ಸಿನಲ್ಲಿ ಮರಳಿದೆವು. ಕಲ್ಲು ಬಿದ್ದ ದಿನ ಯಾರು ಎಲ್ಲಿ ಅಡಗಿದ್ದೆವು ಎಂಬುದನ್ನು ಅವತ್ತೇ ಮೊದಲು ಹೇಳಿಕೊಂಡಿದ್ದು. ಓಣಿಯೊಳಗೆ ಅಕ್ಕ ನನ್ನ ಕೈ ಹಿಡಿದುಕೊಂಡೇ ನಡೆದರು.

ಮನೆಯಲ್ಲಿ ಮೈದುನ ಸಿಡುಕಿದ. “ಅವರ ಜೋಡಿ ಯಾಕ ಬಂದ್ರಿ ಅತ್ತಿಗಿ?”

“ದವಾಖಾನಿಗೆ ಹೋಗಿದ್ದೆ. ಗಲಾಟಿ ಆದಾಗಿಂದ ನನಗ ನಿದ್ದಿ ಇಲ್ಲಪ್ಪಾ, ಅವರಿಗೂ ಇಲ್ಲ.”

ಅವನು ನನ್ನ ಕೈಯಲ್ಲಿದ್ದ ಮಾತ್ರೆ ಚೀಟಿಯನ್ನು ನೋಡಿದ. ಆಮೇಲೆ ಮೆಲ್ಲಗೆ, “ನನಗೂ ನಿದ್ದಿ ಬರವಲ್ದು” ಎಂದ.

ಮುಂದಿನ ಸಲ ನಮ್ಮೊಂದಿಗೆ ಅವನೂ ಬಂದ. ಅಕ್ಕನ ಹಿಂದಿನ ಸೀಟಿನಲ್ಲಿ ಕುಳಿತು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಬಳ್ಳಾರಿಯಲ್ಲಿ ಇಳಿಯುವಾಗ ಮಾತ್ರ ಅಕ್ಕನ ಕೈಯಿಂದ ಚೀಲ ಇಸಿದುಕೊಂಡ.