ಯಾರ ಕನ್ಯಾ?

ಉಮಾಬಾಯಿಗೆ ಕನ್ನಡ ಓದುವ ಚಟವಿತ್ತು. ಚಟವೆಂದೇ ಹೇಳಬೇಕು, ಹವ್ಯಾಸ ಗಿವ್ಯಾಸ ಎಂಬ ಮರ್ಯಾದೆಯ ಮಾತು ಅದಕ್ಕೆ ಒಪ್ಪುವುದಿಲ್ಲ. ಮೈಂದರ್ಗಿಯ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ, ಸೊಲ್ಲಾಪುರದ ಚಾದರ ವ್ಯಾಪಾರಿ ಶಾಂತಲಿಂಗಪ್ಪನನ್ನು ಮದುವೆಯಾಗಿ ಬಂದವಳಿಗೆ ಇಲ್ಲಿ ಓದಲು ಸಿಕ್ಕಿದ್ದೆಲ್ಲ ಮರಾಠಿ. ಅಂಗಡಿಯ ಹೆಸರಿನ ಪಾಟಿ ಮರಾಠಿ, ಮಕ್ಕಳ ಪುಸ್ತಕ ಮರಾಠಿ, ಗಂಡನ ಪತ್ರಿಕೆಯೂ ಮರಾಠಿ. ಬಾಯಿ ತೆರೆದರೆ ಕನ್ನಡ, ಕಣ್ಣು ತೆರೆದರೆ ಮರಾಠಿ ಎನ್ನುವಂಥ ಮನೆ. ವಿಜಾಪುರದ ಕಡೆಯಿಂದ ಸಾಮಾನು ಸುತ್ತಿಕೊಂಡು ಬಂದ ಹರಕು ಕಾಗದ ಸಿಕ್ಕರೂ ಅವಳು ಸುಕ್ಕು ತೀಡಿ, ಜಾಹೀರಾತಿನ ಸಮೇತ ಓದಿಯೇ ಒಲೆಗೆ ಹಾಕುತ್ತಿದ್ದಳು. ಶಾಂತಲಿಂಗಪ್ಪ ನೋಡಿ ನಗುತ್ತಿದ್ದ.

ಅಂಥವಳಿಗೆ ಹಿತ್ತಲ ಗೋಡೆಯಾಚೆ ಸಮಾಧಾನಮ್ಮ ಸಿಕ್ಕಿದ್ದು ಪುಣ್ಯವೇ ಸರಿ. ಗದಗಿನ ಕಡೆಯ ಕ್ರೈಸ್ತ ಹೆಣ್ಣುಮಗಳು. ನರ್ಸಾಗಿ ಬಂದು ಇಲ್ಲಿಯೇ ನಿಂತವಳು. ಉಮಾಬಾಯಿಯ ಮೂರೂ ಹೆರಿಗೆ ಮಾಡಿಸಿದವಳು ಅವಳೇ. ಈಗ ಗಂಡನಿಲ್ಲ, ನೌಕರಿ ಮುಗಿದಿದೆ, ಕಣ್ಣಿಗೆ ಪೊರೆ ಬಂದಿದೆ. ಊರಿಗೆಲ್ಲ ಸೂಜಿ ಚುಚ್ಚಿದವಳು ತನ್ನ ಕಣ್ಣಿನ ಆಪರೇಶನ್ನಿಗೆ ಮಾತ್ರ ಹೆದರಿ ಕೂತಿದ್ದಳು. ಅವಳ ಮನೆಯಲ್ಲಿ ಕನ್ನಡದ ದಪ್ಪನೆಯ ಪವಿತ್ರ ಗ್ರಂಥವೊಂದಿತ್ತು. ಮೊದಲ ಭಾಗದಲ್ಲಿ ಯೆಹೂದ್ಯರ ಹಳೆಯ ಬರಹಗಳು, ಕೊನೆಯ ಭಾಗದಲ್ಲಿ ಯೇಸುವಿನ ಕಥೆ.

"ನನಗ ಓದಾಕ ಕಣ್ಣಿಲ್ಲ, ನಿನಗ ಓದಾಕ ಪುಸ್ತಕಿಲ್ಲ. ದಿನಾ ಮಧ್ಯಾಹ್ನ ಬಾ ಉಮಾ," ಎಂದಿದ್ದಳು ಸಮಾಧಾನಮ್ಮ.

ಶಾಂತಲಿಂಗಪ್ಪನೂ ತಕರಾರು ತೆಗೆಯಲಿಲ್ಲ. "ಕೊರಳಾಗ ಲಿಂಗ ಇರಲಿ, ಏನ ಬೇಕಾದ್ದು ಓದು," ಎಂದ.

ಹೀಗೆ ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಎಪ್ಪತ್ನಾಲ್ಕರ ಕ್ರಿಸ್‌ಮಸ್ ಹತ್ತಿರ ಬಂದಾಗ ಸಮಾಧಾನಮ್ಮ ಹಳೆಯ ಭಾಗದ ಒಂದು ಪುಟ ತೆಗೆಸಿ, ಬಾಯಿಪಾಠವಿದ್ದ ಒಂದು ಸಾಲನ್ನು ಓದಲು ಹೇಳಿದಳು. ಒಬ್ಬ ಕನ್ಯೆ ಗರ್ಭಿಣಿಯಾಗಿ ಮಗನನ್ನು ಹೆರುತ್ತಾಳೆ, ಅವನಿಗೆ 'ದೇವರು ನಮ್ಮ ಕೂಡ ಇದ್ದಾನೆ' ಎಂಬರ್ಥದ ಹೆಸರಿಡುತ್ತಾರೆ ಎಂದು ಪ್ರವಾದಿ ಹೇಳುವ ಮಾತು ಅದು.

"ಇದು ಯೇಸುವಿನ ತಾಯಿ, ನಮ್ಮ ಮರಿಯಮ್ಮನ ಮಾತು ನೋಡು. ಯೇಸು ಹುಟ್ಟೂಕಿಂತ ಏಳುನೂರು ವರ್ಷ ಮೊದಲ ಹೇಳಿಟ್ಟಾರ," ಎಂದಳು.

ಉಮಾಬಾಯಿ ತಲೆಯೆತ್ತಿ, "ಯಾರ ಕನ್ಯಾರಿ, ನರ್ಸಬಾಯಿ?" ಎಂದು ಕೇಳಿದಳು.

ಕುಚೋದ್ಯಕ್ಕೆ ಕೇಳಿದ್ದಲ್ಲ. ಅವಳ ಸೀಮೆಯಲ್ಲಿ ಕನ್ಯಾ ಎಂದರೆ ಮದುವೆಗೆ ಬಂದ ಹುಡುಗಿ. 'ಕನ್ಯಾ ನೋಡಾಕ ಬಂದಾರ' ಎಂದು ದಿನಾ ಕೇಳುವ ಮಾತು. ಸೊಲ್ಲಾಪುರದ ಮರಾಠಿ ಲಗ್ನಪತ್ರಿಕೆಯಲ್ಲಿ ಕನ್ಯಾ ಎಂದರೆ ಇಂಥವರ ಮಗಳು. ಹೇಗೆ ನೋಡಿದರೂ ಕನ್ಯಾ ಎಂದ ಮೇಲೆ ಅವಳಿಗೊಂದು ಮನೆಯುಂಟು, ಒಬ್ಬ ಅಪ್ಪನುಂಟು. ಆ ಅಪ್ಪನ ಹೆಸರು ಹುಡುಕುತ್ತ ಉಮಾಬಾಯಿ ಪುಟದ ಮೇಲಕ್ಕೆ ಹೋದಳು. ಅಪ್ಪ ಸಿಗಲಿಲ್ಲ. ಸಿಕ್ಕವನು ಒಬ್ಬ ರಾಜ. ನೆರೆಯ ಇಬ್ಬರು ಅರಸರು ಯೆರೂಸಲೇಮಿನ ಮೇಲೆ ಏರಿ ಬಂದಿದ್ದಾರೆ, ರಾಜನ ಎದೆ ನಡುಗುತ್ತಿದೆ. ಹೆದರಬೇಡ, ಈ ಕೂಸಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುವುದರೊಳಗೆ ಆ ಇಬ್ಬರ ನಾಡೂ ಹಾಳು ಬೀಳುತ್ತದೆ ಎಂದು ಪ್ರವಾದಿ ಅವನಿಗೆ ಧೈರ್ಯ ಹೇಳುತ್ತಿದ್ದಾನೆ.

"ವೈರಿ ಬಾಗಲಾಗ ನಿಂತಾನ್ರಿ," ಎಂದಳು ಉಮಾಬಾಯಿ. "ಏಳುನೂರು ವರ್ಷದ ಮ್ಯಾಲ ಹುಟ್ಟೂ ಕೂಸು ತಗೊಂಡು ಈ ರಾಜ ಏನ ಮಾಡ್ಯಾನು? ಆ ಕೂಸು ಅಲ್ಲೇ, ಆವಾಗೇ ಹುಟ್ಟಿರಬೇಕಲ್ಲರಿ. ಇನ್ನ ಹೆಸರು ಅಂದ್ರ, ನಮ್ಮ ಗಲ್ಲ್ಯಾಗ ಊರ ದೇವರ ಹೆಸರ ಇಟ್ಟಕೊಂಡು ಸಿದ್ದರಾಮಪ್ಪ ಅನ್ನವರು ಎಷ್ಟ ಮಂದಿ ಇದ್ದಾರ. ನೀವೇ ಹೆರಿಗಿ ಮಾಡಿಸಿದ ಕೂಸುಗಳು. ಅವರೆಲ್ಲಾ ದೇವರಾಗ್ಯಾರೇನ್ರಿ?"

ಸಮಾಧಾನಮ್ಮ ಕೈ ಚಾಚಿ ಪುಸ್ತಕ ತೆಗೆದುಕೊಂಡಳು.

"ನನ್ನ ಗಂಡ ಹ್ವಾದ ದಿವಸ ಈ ಒಂದ ಸಾಲು ಹಿಡಕೊಂಡ ಕುಂತಿದ್ದೆ. ಇದನ್ನೂ ಕಸಗೋತೀ ಏನು? ನಾಳಿಂದ ಬರಬ್ಯಾಡ," ಎಂದಳು.

ಉಮಾಬಾಯಿಗೆ ನಾಲಗೆ ಕಚ್ಚಿಕೊಳ್ಳುವಂತಾಯಿತು. ಗೋಡೆಯಾಚೆ ಮುದುಕಿ ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು, ತೆರೆಯದೆ, ಬಿಸಿಲಿಗೆ ಕೂತಿರುವುದು ಕಾಣುತ್ತಿತ್ತು. ಅವಳಿಗೆ ಓದಿ ಹೇಳುವ ಕಣ್ಣೂ ಹೋಯಿತು, ತನ್ನ ಕನ್ನಡವೂ ಹೋಯಿತು, ಎಲ್ಲಾ ತನ್ನ ಬಾಯಿಂದಲೇ ಎಂದು ಉಮಾಬಾಯಿ ಹಳಹಳಿಸಿದಳು. ಆದರೂ ಆ ಹಾಳು ಪ್ರಶ್ನೆ ಇತ್ತಲ್ಲ, ಅದು ಮಾತ್ರ ತಲೆ ಬಿಟ್ಟು ಕದಲಲಿಲ್ಲ.

ಗಂಡ ಊಟಕ್ಕೆ ಎದ್ದಾಗ ಅಂಗಡಿಯಲ್ಲಿ ಕೂಡುವವಳು ಉಮಾಬಾಯಿಯೇ. ಅಂಥ ಒಂದು ಹೊತ್ತಿನಲ್ಲಿ ರೈಲ್ವೆಯಿಂದ ನಿವೃತ್ತನಾದ ಏಝ್ರಾ ಪೇಣಕರ ಚಾದರ ಕೊಳ್ಳಲು ಬಂದ. ಕೊಂಕಣದ ಯೆಹೂದಿ, ಮನೆಮಾತು ಮರಾಠಿ. ಇಸ್ರೇಲಿನಲ್ಲಿರುವ ಮಗನ ಕಡೆಗೆ ಹೊರಟಿದ್ದೇನೆ, ಅಲ್ಲಿ ಬಲು ಥಂಡಿ, ಗಟ್ಟಿ ನೇಯ್ಗೆಯದು ಕೊಡಿ ಎಂದ. ಉಮಾಬಾಯಿ ಚಾದರ ಬಿಚ್ಚಿ ತೋರಿಸುವುದು ಬಿಟ್ಟು ರಾಜನ ಸುದ್ದಿ ತೆಗೆದಳು. ಪೇಣಕರನಿಗೆ ಆಶ್ಚರ್ಯವಾಯಿತು, ಖುಷಿಯೂ ಆಯಿತು. ಹಿಬ್ರೂ ಬರಹದಲ್ಲಿರುವ ಶಬ್ದ 'ಆಲ್ಮಾ' ಎಂದು ಮರಾಠಿಯಲ್ಲೇ ಬಿಡಿಸಿ ಹೇಳಿದ. ಹರೆಯದ ಹೆಣ್ಣು ಎಂದಷ್ಟೇ ಅದರ ಅರ್ಥ. ಗಂಡಿನ ಸಂಗ ಕಂಡವಳೋ ಇಲ್ಲವೋ ಎಂಬುದನ್ನು ಆ ಶಬ್ದ ಹೇಳುವುದಿಲ್ಲ. ತಮ್ಮವರು ಅದನ್ನು ಆ ರಾಜನ ಕಾಲದ ಕೂಸೆಂದೇ ಓದುತ್ತಾರೆ. ತಾಯಿ ಯಾರೆಂದರೆ, ಕೆಲವರು ರಾಜನ ಹೆಂಡತಿ ಎನ್ನುತ್ತಾರೆ, ಕೆಲವರು ಪ್ರವಾದಿಯ ಹೆಂಡತಿ ಎನ್ನುತ್ತಾರೆ, ಆ ಜಗಳ ಇನ್ನೂ ಹರಿದಿಲ್ಲ ಎಂದು ನಕ್ಕ.

ಉಮಾಬಾಯಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಂಗಡಿಯನ್ನು ಗಂಡನಿಗೆ ಒಪ್ಪಿಸಿ ಹಿತ್ತಲಿಗೆ ಓಡಿದಳು. ಗೋಡೆಯ ಹತ್ತಿರ ಬಂದಾಗ ಕಾಲು ನಿಂತವು. ತಾನು ಹೇಳಿದ್ದೇ ಖರೆ ಎಂದು ಸಾಧಿಸಿ ಮುದುಕಿಯ ಕೈಯಿಂದ ಆ ಸಾಲನ್ನು ಬಿಡಿಸುವುದೇ? ಏನು ಹೇಳಬೇಕೆಂದು ತಿಳಿಯದೆಯೇ ಒಳಗೆ ಹೋದಳು.

ಸಮಾಧಾನಮ್ಮ ಹೆಜ್ಜೆಯ ಸಪ್ಪಳದಿಂದಲೇ ಗುರುತು ಹಿಡಿದಳು. "ಬಂದ್ಯಾ? ಆ ರಾಜಂದು ಮುಂದ ಏನಾತು?"

"ಯಾವ ರಾಜಂದ್ರಿ?"

"ಎದಿ ನಡಗತಿತ್ತು ಅಂದೆಲ್ಲ, ಅವಂದು. ನಲವತ್ತ ವರ್ಷ ಆ ಒಂದ ಸಾಲು ಹೇಳಕೋತ ಬಂದೆ. ಅದರ ಮ್ಯಾಲ ಒಬ್ಬ ಹೆದರಿದಾಂವ ಕುಂತಾನ ಅನ್ನೂದು ನನಗ ಗೊತ್ತ ಇರಲಿಲ್ಲ. ನನ್ನ ಗಂಡ ಹ್ವಾದ ದಿವಸ ನನ್ನ ಎದೀನೂ ಹಂಗ ನಡಗಿತ್ತು ಉಮಾ."

ಉಮಾಬಾಯಿಯ ಕಣ್ಣು ತುಂಬಿ ಬಂದವು. ಪೇಣಕರ ಹೇಳಿದ್ದನ್ನು ಒಂದೂ ಬಿಡದೆ ಹೇಳಿದಳು. ಮುಚ್ಚಿಡುವುದು ಅವಳ ಕೈಲಾಗುವ ಕೆಲಸವಲ್ಲ.

ಸಮಾಧಾನಮ್ಮ ಪೂರ್ತಿ ಕೇಳಿದಳು. "ನನಗ ಆಕಿ ಮರಿಯಮ್ಮನೇ. ನಾ ಬಿಡೂದಿಲ್ಲ," ಎಂದಳು.

"ಬಿಡಬ್ಯಾಡ್ರಿ."

"ನೀ ಕೇಳೂದ ಬಿಡಬ್ಯಾಡ. ಕೂಡು. ಈ ಸಲ ರಾಜನಿಂದ ಸುರು ಮಾಡು."

ಉಮಾಬಾಯಿ ಪುಟ ಹುಡುಕಿ, ಸೆರಗಿನಿಂದ ಮುಖ ಒರೆಸಿಕೊಂಡು, ಮೇಲಿಂದ ಓದತೊಡಗಿದಳು. ಆ ಸಾಲು ಬಂತು. ಸಮಾಧಾನಮ್ಮನ ತುಟಿಗಳು ಜೊತೆಗೆ ಅಲ್ಲಾಡಿದವು. ಇಷ್ಟು ವರ್ಷ ಆ ಒಂದು ಸಾಲಿನ ಆಚೆ ಈಚೆ ಅವಳು ಹೋದವಳಲ್ಲ. ಉಮಾಬಾಯಿ ಓದು ನಿಲ್ಲಿಸಿ ಅವಳ ಮುಖ ನೋಡಿದಳು.

"ಮುಂದ?" ಎಂದಳು ಸಮಾಧಾನಮ್ಮ.